ಹೊಗೆಸೊಪ್ಪಿನ ಸೀಮೆ, ಖಾಲಿ ಉಳಿಯೋ ಸೀಟು

1/10

ಉದ್ದದ ಕಥೆ ಇದು. ಹತ್ತು ಪೋಸ್ಟಲ್ಲಿ ಹೇಳ್ತೀನಿ, ಟೈಮ್ ಇದ್ದಾಗ ಓದಿ.

ಇಂಟರ್ನ್‌ಶಿಪ್ ಮುಗಿಯೋ ಹೊತ್ತಿಗೆ ಎಲ್ಲ ಬ್ಯಾಚಲ್ಲೂ ಒಂದೇ ಮಾತು: ಎಂಡಿಎಸ್‌ಗೆ ಏನ್ ತಗೋತೀಯಾ? ಮೊನ್ನೆ ಮೆಸ್ಸಲ್ಲಿ ನಾವು ಎಂಟು ಜನ ಕೂತು ಇದನ್ನೇ ಮಾತಾಡ್ತಿದ್ವಿ. ಮೂರು ಜನ ಆರ್ಥೋ, ಇಬ್ಬರು ಎಂಡೋ, ಒಬ್ಬ ಸರ್ಜರಿ, ಒಬ್ಬಳು ಪೀಡೋ. ನನ್ನ ಸರದಿ ಬಂತು. "ಓರಲ್ ಪೆಥಾಲಜಿ" ಅಂದೆ.

ಎಲ್ಲರೂ ನಕ್ಕರು. ತಮಾಷೆ ಮಾಡ್ತಿದೀನಿ ಅಂದ್ಕೊಂಡ್ರು. ಆಮೇಲೆ ಒಬ್ಬ ಮೆಲ್ಲಗೆ ಕೇಳ್ದ, "ಯಾಕೆ, ರ‍್ಯಾಂಕ್ ಕಡಿಮೆ ಬರುತ್ತೆ ಅಂತ ಭಯಾನಾ?"

ಅವನ ತಪ್ಪಲ್ಲ. ನಮ್ಮಲ್ಲಿ ಆ ಸಬ್ಜೆಕ್ಟ್ ಹಂಗೇ ಆಗಿದೆ. ಬೇರೆ ಏನೂ ಸಿಗದೆ ಇದ್ದಾಗ ತಗೊಳ್ಳೋದು, ಕೌನ್ಸೆಲಿಂಗ್‌ನ ಕೊನೇ ಸುತ್ತಲ್ಲೂ ಸೀಟು ಖಾಲಿ ಉಳಿಯೋದು. ಆ ಹೊತ್ತಲ್ಲಿ ನಾನು ಸರಿಯಾದ ಉತ್ತರ ಕೊಡಲಿಲ್ಲ. ನಕ್ಕು ಸುಮ್ಮನಾದೆ.

ರೂಮಿಗೆ ಬಂದ ಮೇಲೆ ಬೇಜಾರಾಯ್ತು. ನಾನು ಹುಣಸೂರು ತಾಲ್ಲೂಕಿನ ಹುಡುಗಿ. ಹೊಗೆಸೊಪ್ಪು ಬೆಳೆಯೋ ಮನೆಯವಳು. ನಮ್ಮ ಸೀಮೆಯಲ್ಲಿ ಹುಟ್ಟಿ ಈ ಸಬ್ಜೆಕ್ಟ್ ನೋಡಿ ನಗೋದು ಕಷ್ಟ. ಯಾಕೆ ಅಂತ ಹೇಳೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

2/10

ಮೈಸೂರು ಬಿಟ್ಟು ಮಡಿಕೇರಿ ರಸ್ತೆ ಹಿಡಿದವರಿಗೆ ಗೊತ್ತಿರುತ್ತೆ. ಬಿಳಿಕೆರೆ ದಾಟಿದ ಮೇಲೆ ಹೊಲಗಳ ನಡುವೆ ಎತ್ತರದ, ಕಿಟಕಿ ಇಲ್ಲದ ಒಂದೊಂದೇ ಕಟ್ಟಡ ಕಾಣ್ಸುತ್ತೆ. ಅದು ಬ್ಯಾರನ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕು ತಾಲ್ಲೂಕಿನ ಬಹಳ ಮನೆಗಳ ವರ್ಷದ ಲೆಕ್ಕ ನಡೆಯೋದು ಆ ಕಟ್ಟಡದ ಸುತ್ತ.

ಬೇಸಿಗೆ ಶುರುವಿನಲ್ಲಿ ಸಸಿ ಮಡಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮುಂಗಾರಿನ ಮೊದಲ ಮಳೆಗೆ ನಾಟಿ. ಜುಲೈ ಹೊತ್ತಿಗೆ ಸೊಪ್ಪು ಮುರಿಯೋದು, ಕೆಳಗಿನ ಎಲೆಯಿಂದ ಮೇಲಕ್ಕೆ, ವಾರಕ್ಕೆ ಎರಡೋ ಮೂರೋ ಎಲೆ. ಅದನ್ನ ಕಡ್ಡಿಗೆ ಕಟ್ಟಿ ಬ್ಯಾರನ್ ಒಳಗೆ ನೇತು ಹಾಕಿ ಐದಾರು ದಿನ ಬೆಂಕಿ ಹಾಕ್ಬೇಕು. ರಾತ್ರಿಯೆಲ್ಲಾ ಯಾರಾದ್ರೂ ಎದ್ದಿರ್ಬೇಕು, ಬಿಸಿ ಹೆಚ್ಚೂ ಆಗಬಾರ್ದು, ಕಡಿಮೆನೂ ಆಗಬಾರ್ದು. ಒಂದು ಕೆ.ಜಿ. ಸೊಪ್ಪು ಹದ ಆಗೋಕೆ ನಾಲ್ಕೈದು ಕೆ.ಜಿ. ಸೌದೆ ಬೇಕು.

ಚಿಕ್ಕವಳಿದ್ದಾಗ ನನಗೂ ಸೊಪ್ಪು ಕಟ್ಟೋ ಕೆಲಸ ಇತ್ತು. ಕೈಗೆ ಕಪ್ಪು ಅಂಟು ಹತ್ತೋದು, ಸೋಪಿಗೆ ಹೋಗ್ತಿರಲಿಲ್ಲ. ಮಳೆ ದಿನ ಒದ್ದೆ ಸೊಪ್ಪು ಹೊತ್ತವರಿಗೆ ತಲೆಸುತ್ತು, ವಾಂತಿ. ಪಿತ್ತ ಅಂತಿದ್ರು. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕ ರಕ್ತಕ್ಕೆ ಹೋಗುತ್ತೆ, ಅದಕ್ಕೆ ಒಂದು ಹೆಸರೂ ಇದೆ, ಗ್ರೀನ್ ಟೊಬ್ಯಾಕೊ ಸಿಕ್ನೆಸ್ ಅಂತ ನನಗೆ ಗೊತ್ತಾಗಿದ್ದು ಬಿಡಿಎಸ್‌ಗೆ ಬಂದ ಮೇಲೆ.

ನನ್ನ ಬಿಡಿಎಸ್ ಫೀಸು ಕಟ್ಟಿದ್ದೂ ಅದೇ ಸೊಪ್ಪು. ಇದನ್ನ ಮುಚ್ಚಿಟ್ಟು ಮುಂದಿನದು ಬರೆಯೋಕೆ ಆಗಲ್ಲ.

3/10

ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸ್ ಹೋದ ಮೇಲೆ ಯುರೋಪಿಗೆ ಬಂತು. ಭಾರತಕ್ಕೆ ತಂದವರು ಪೋರ್ಚುಗೀಸರು. 1617ರ ಹೊತ್ತಿಗೇ ಜಹಾಂಗೀರ್ ಬಾದಶಹ ತಂಬಾಕು ನಿಷೇಧ ಅಂತ ಆಜ್ಞೆ ಹೊರಡಿಸಿದ್ದ. ಯಾರೂ ಕೇಳಲಿಲ್ಲ ಅನ್ನೋದಕ್ಕೆ ನಾವೇ ಸಾಕ್ಷಿ.

ನಮ್ಮ ಕಡೆ ಬೆಳೆಯೋದು ವರ್ಜೀನಿಯಾ ತಳಿ, ಬಿಸಿಗಾಳಿಯಲ್ಲಿ ಹದ ಮಾಡೋದು. ಕಳೆದ ಶತಮಾನದ ಮೊದಲ ಭಾಗದಲ್ಲಿ ಗುಂಟೂರು ಸೀಮೆಯಲ್ಲಿ ಬೇರು ಬಿಟ್ಟು, ಆಮೇಲೆ ಮೈಸೂರಿನ ಕೆಂಪು ಹಗುರ ಮಣ್ಣಿಗೆ ಬಂತು. ಮಳೆ ನೀರಲ್ಲೇ ಬರೋ ಬೆಳೆ, ಕೈಗೆ ದುಡ್ಡು ಕೊಡೋ ಬೆಳೆ. 1947ರಲ್ಲಿ ರಾಜಮಂಡ್ರಿಯಲ್ಲಿ ಕೇಂದ್ರ ತಂಬಾಕು ಸಂಶೋಧನಾ ಸಂಸ್ಥೆ ಶುರುವಾಯ್ತು, ಮುಂದೆ ಅದರದೊಂದು ಕೇಂದ್ರ ಹುಣಸೂರಿಗೂ ಬಂತು. 1975ರಲ್ಲಿ ತಂಬಾಕು ಮಂಡಳಿ ಕಾಯ್ದೆ, 1976ರ ಜನವರಿಯಲ್ಲಿ ಮಂಡಳಿ, ಕೇಂದ್ರ ಕಚೇರಿ ಗುಂಟೂರು.

ಆಗೆಲ್ಲ ಬೆಲೆ ಹೇಳ್ತಿದ್ದವನು ವ್ಯಾಪಾರಿ. ಉತ್ತರದಲ್ಲಿ ನಿಪ್ಪಾಣಿಯ ಬೀಡಿ ತಂಬಾಕಿನ ರೈತರು 1981ರಲ್ಲಿ ನ್ಯಾಯದ ಬೆಲೆ ಕೇಳಿ ಹೆದ್ದಾರಿಯಲ್ಲಿ ಕೂತಾಗ ಗೋಲಿಬಾರ್ ಆಗಿ ಜೀವಗಳು ಹೋದವು. ನಮ್ಮ ವರ್ಜೀನಿಯಾ ಸೊಪ್ಪಿಗೆ ಮಂಡಳಿಯ ಹರಾಜು ಬಂದಿದ್ದು 1984ರಲ್ಲಿ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಈ ಹೆಸರುಗಳು ನಮ್ಮ ಮನೆಯಲ್ಲಿ ಊರಿನ ಹೆಸರಾಗಿ ಅಲ್ಲ, ಹರಾಜು ಮಾರುಕಟ್ಟೆಯ ಹೆಸರಾಗಿ ಕೇಳ್ಸೋದು. ಹಲವು ವರ್ಷ ಮಂಡಳಿ ಕರ್ನಾಟಕಕ್ಕೆ ನಿಗದಿ ಮಾಡಿದ ಮಿತಿನೇ ಸುಮಾರು 10 ಕೋಟಿ ಕೆ.ಜಿ.

4/10

ಇಲ್ಲಿ ಒಂದು ವಿಷಯ ಸ್ಪಷ್ಟ ಮಾಡ್ಬೇಕು. ಎಷ್ಟೋ ಜನ ತಪ್ಪು ತಿಳ್ಕೊಂಡಿದಾರೆ.

ನಮ್ಮ ಹೊಲದ ವರ್ಜೀನಿಯಾ ಸೊಪ್ಪು ಹೋಗೋದು ಸಿಗರೇಟಿಗೆ, ಅದರಲ್ಲೂ ದೊಡ್ಡ ಪಾಲು ವಿದೇಶಕ್ಕೆ. ನಮ್ಮೂರ ಬಾಯಿಗಳಲ್ಲಿ ಇರೋದು ಬೇರೆ ಸೊಪ್ಪು. ಎಲೆ ಅಡಿಕೆ ಜೊತೆ ಹಾಕೋ ಹೊಗೆಸೊಪ್ಪು, ಕಡ್ಡಿಪುಡಿ, ಮತ್ತೆ ಪೊಟ್ಟಣದಲ್ಲಿ ಬರೋದು. ಅಂದ್ರೆ ಹೊಲದಲ್ಲಿ ಬೆಳೆಯೋದು ಊರಾಚೆ ಹೋಗುತ್ತೆ, ಬಾಯಿಗೆ ಹಾಕೋದು ಹೊರಗಿಂದ ಬರುತ್ತೆ.

ಆದ್ರೂ ಎರಡಕ್ಕೂ ಸಂಬಂಧ ಇಲ್ಲ ಅನ್ನೋಕೆ ನನಗೆ ಮನಸ್ಸು ಬರಲ್ಲ. ಹೊಗೆಸೊಪ್ಪು ಅನ್ನ ಕೊಡೋ ಊರಲ್ಲಿ ಅದು ಕೆಟ್ಟದ್ದು ಅಂತ ಯಾರು ಹೇಳ್ತಾರೆ? ಸೊಪ್ಪು ಮುರಿಯೋಕೆ ಬರೋ ಆಳುಗಳಿಗೆ ಕೂಲಿ ಜೊತೆ ಎಲೆ ಅಡಿಕೆ ಕೊಡೋದು ಮರ್ಯಾದೆ. ಬ್ಯಾರನ್ ಕಾಯೋ ರಾತ್ರಿ ನಿದ್ದೆ ಬರದೇ ಇರ್ಲಿ ಅಂತ ಕೆನ್ನೆ ಸಂದಿಗೆ ಕಡ್ಡಿಪುಡಿ.

ಪೊಟ್ಟಣದ ಕಥೆ ಬೇರೆ. ಗುಟ್ಕಾ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಬಂದ ಮೇಲೆ ಶಾಲೆ ಹುಡುಗರಿಗೂ ಸಿಕ್ತು. 2003ರಲ್ಲಿ ತಂಬಾಕು ನಿಯಂತ್ರಣದ ಕೋಟ್ಪಾ ಕಾಯ್ದೆ ಬಂತು. ಆಹಾರದಲ್ಲಿ ತಂಬಾಕು, ನಿಕೋಟಿನ್ ಇರಬಾರ್ದು ಅನ್ನೋ 2011ರ ನಿಯಮ ಹಿಡ್ಕೊಂಡು 2013ರ ಮೇ ಕೊನೆಯಲ್ಲಿ ಕರ್ನಾಟಕ ಗುಟ್ಕಾ ನಿಷೇಧ ಮಾಡ್ತು. ಮಾರೋರು ಏನ್ ಮಾಡಿದ್ರು ಗೊತ್ತಲ್ಲ? ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ. ಗಿರಾಕಿ ಅಂಗೈಯಲ್ಲಿ ತಾನೇ ಬೆರೆಸ್ಕೋತಾನೆ.

5/10

ಈಗ ನಮ್ಮ ಸಬ್ಜೆಕ್ಟಿಗೆ ಬರೋಣ.

ಎಲೆ ಅಡಿಕೆ, ಹೊಗೆಸೊಪ್ಪು ಹಾಕೋ ಬಾಯಲ್ಲಿ ಏನಾಗುತ್ತೆ ಅಂತ ಪುಸ್ತಕಕ್ಕೆ ಗೊತ್ತಾಗಿದ್ದು ನಮ್ಮಂಥ ಊರುಗಳ ರೋಗಿಗಳಿಂದ. 1933ರಲ್ಲಿ ಓರ್ ಅನ್ನೋ ಡಾಕ್ಟರು ತಿರುವಾಂಕೂರಿನ ಎಲೆ ಅಡಿಕೆ ಹಾಕೋರಲ್ಲಿ ಬಾಯಿ ಕ್ಯಾನ್ಸರ್ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದ್ರು. ಆಗ ಅವರು ಇದ್ದಿದ್ದು ನೆಯ್ಯೂರಿನ ಮಿಷನ್ ಆಸ್ಪತ್ರೆಯಲ್ಲಿ, ಈಗಿನ ಕನ್ಯಾಕುಮಾರಿ ಜಿಲ್ಲೆ.

1952ರಲ್ಲಿ ಶ್ವಾರ್ಟ್ಸ್ ಅನ್ನೋರು ಕೀನ್ಯಾದಲ್ಲಿದ್ದ ಐದು ಜನ ಭಾರತೀಯ ಹೆಂಗಸರ ಬಾಯಿ ನೋಡಿ ವಿಚಿತ್ರ ಅಂತ ಬರೆದ್ರು. ಒಳಗಿನ ಪೊರೆ ಬಿಳಿಚಿ, ಗಟ್ಟಿಯಾಗಿ, ಬಾಯಿ ಸರಿಯಾಗಿ ತೆರೀತಿರಲಿಲ್ಲ. ಮರುವರ್ಷ, 1953ರಲ್ಲಿ, ಮುಂಬಯಿಯ ಡಾ. ಜೋಶಿ ಇಲ್ಲಿನ ರೋಗಿಗಳಲ್ಲಿ ಅದನ್ನೇ ಕಂಡು ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತ ಕರೆದ್ರು. ನಾವು ಓಎಸ್‌ಎಂಎಫ್ ಅಂತ ವೈವಾದಲ್ಲಿ ಗಿಳಿಪಾಠ ಒಪ್ಪಿಸೋದು ಇದನ್ನೇ. ಮುಖ್ಯ ಕಾರಣ ಅಡಿಕೆ.

ಕ್ಯಾನ್ಸರ್ ಕುರಿತ ಅಂತರರಾಷ್ಟ್ರೀಯ ಸಂಸ್ಥೆ ಐಎಆರ್‌ಸಿ ತಂಬಾಕು ಸೇರಿದ ಎಲೆ ಅಡಿಕೆ ಕ್ಯಾನ್ಸರ್ ತರುತ್ತೆ ಅಂತ 1985ರಲ್ಲಿ ಹೇಳ್ತು. ತಂಬಾಕಿಲ್ಲದ ಎಲೆ ಅಡಿಕೆನೂ, ಬರೀ ಅಡಿಕೆನೂ ಕ್ಯಾನ್ಸರ್ ತರುತ್ತೆ ಅಂತ 2004ರಲ್ಲಿ ಸೇರಿಸ್ತು. ನಮ್ಮಜ್ಜಿಗೆ ಹೇಳಿದ್ರೆ ನಂಬಲ್ಲ. ದೇವರ ಮುಂದೆ ಇಡೋದು ಹೆಂಗೆ ವಿಷ ಆಗುತ್ತೆ ಅಂತಾರೆ. ಆ ಪ್ರಶ್ನೆಗೆ ಪುಸ್ತಕದ ಭಾಷೆಯಲ್ಲಿ ಉತ್ತರ ಕೊಟ್ಟು ಪ್ರಯೋಜನ ಇಲ್ಲ ಅಂತ ನನಗೂ ಗೊತ್ತು.

6/10

ಪಿಂಡ್‌ಬೋರ್ಗ್ ಅಂದ ತಕ್ಷಣ ನಮಗೆ ನೆನಪಾಗೋದು ಪಿಂಡ್‌ಬೋರ್ಗ್ ಟ್ಯೂಮರ್. ಎರಡು ಮಾರ್ಕ್ಸ್ ಪ್ರಶ್ನೆ. ಆ ಮನುಷ್ಯ ನಮ್ಮ ಬೆಂಗಳೂರಿಗೆ ಸೇರಿದ ಕಥೆ ಯಾರಿಗೂ ಗೊತ್ತಿಲ್ಲ.

ಯೆನ್ಸ್ ಯೋರ್ಗನ್ ಪಿಂಡ್‌ಬೋರ್ಗ್ ಡೆನ್ಮಾರ್ಕಿನವರು, 1921ರಲ್ಲಿ ಹುಟ್ಟಿ 1995ರಲ್ಲಿ ತೀರ್ಕೊಂಡ್ರು. ಓರಲ್ ಪೆಥಾಲಜಿಸ್ಟ್. 1960ರ ದಶಕದಲ್ಲಿ ಅವರು ಇಲ್ಲಿನ ದಂತವೈದ್ಯರ ಜೊತೆ ಸೇರಿ ಲಕ್ನೋ, ಮುಂಬಯಿ, ಬೆಂಗಳೂರುಗಳಲ್ಲಿ ತಲಾ 10,000 ಜನರ ಬಾಯಿ ಪರೀಕ್ಷೆ ನಡೆಸಿದ್ರು. ಬಾಯಿಯ ಬಿಳಿ ಮಚ್ಚೆಗಳ ಬಗ್ಗೆ ಬೆಂಗಳೂರಿನ ವರದಿ ಪ್ರಕಟ ಆಗಿದ್ದು 1966ರಲ್ಲಿ, ಬರೆದವರಲ್ಲಿ ನಮ್ಮೋರೂ ಇದ್ರು. ಹತ್ತು ಸಾವಿರ ಬಾಯಿ, ಒಂದೊಂದಾಗಿ, ಟಾರ್ಚು ಕನ್ನಡಿ ಹಿಡಿದು. ನಮಗೆ ಒಪಿಡಿಯಲ್ಲಿ ದಿನಕ್ಕೆ ಹತ್ತು ಕೇಸ್ ಹಿಸ್ಟರಿ ಬರೆಯೋಕೇ ಸಾಕಾಗುತ್ತೆ.

ಆಮೇಲೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಡಾ. ಫಾಲಿ ಮೆಹ್ತಾ ಅವರ ತಂಡ ಪಿಂಡ್‌ಬೋರ್ಗ್ ಜೊತೆ ಹಳ್ಳಿಗಳಿಗೇ ಹೋಯ್ತು. ಎರ್ನಾಕುಲಂ, ಶ್ರೀಕಾಕುಳಂ, ಭಾವನಗರ, ಸಿಂಗಭೂಮ್, ದರ್ಭಂಗಾ, ಐದು ಜಿಲ್ಲೆ, 50,915 ಹಳ್ಳಿಗರು. 1969ರಲ್ಲಿ ವರದಿ. ಬಾಯಿ ಕ್ಯಾನ್ಸರ್, ಬಿಳಿ ಮಚ್ಚೆ ಎಲ್ಲ ಹೆಚ್ಚುಕಡಿಮೆ ತಂಬಾಕು ಬಳಸೋರಲ್ಲೇ ಇತ್ತು. ಮುಂದೆ ಅದೇ ಗುಂಪಿನವರು ಮೂರು ಜಿಲ್ಲೆಯ 36,471 ಜನ ತಂಬಾಕು ಬಳಕೆದಾರರಿಗೆ ಬಿಡಿ ಅಂತ ಬುದ್ಧಿ ಹೇಳ್ತಾ ವರ್ಷಗಟ್ಟಲೆ ಹಿಂಬಾಲಿಸಿದ್ರು. ಹೊಸ ಬಿಳಿ ಮಚ್ಚೆಗಳು ಕಡಿಮೆಯಾದವು.

ಆ ಐದು ಜಿಲ್ಲೆಯಲ್ಲಿ ನಮ್ಮ ರಾಜ್ಯದ್ದು ಒಂದೂ ಇರಲಿಲ್ಲ. ಓದುವಾಗ ಇದು ನನ್ನ ತಲೆಯಲ್ಲಿ ಉಳೀತು.

7/10

ಇಷ್ಟೊಂದು ಕೆಲಸ ನಮ್ಮ ದೇಶದ ಬಾಯಿಗಳ ಮೇಲೇ ನಡೆದಿದ್ರೂ ಸಬ್ಜೆಕ್ಟ್ ಯಾಕೆ ಮೂಲೆಗೆ ಬಿತ್ತು?

ರೋಗ ಇರೋದು ಜೀವಕೋಶದಲ್ಲಿ ಅಂತ ಜರ್ಮನಿಯ ವಿರ್ಖೋ ಹೇಳಿದ್ದು 1858ರಲ್ಲಿ. ಫಾರ್ಮಲಿನ್‌ನಲ್ಲಿ ಹಾಕಿದ್ರೆ ಅಂಗಾಂಶ ಕೆಡಲ್ಲ ಅಂತ ಬ್ಲೂಮ್ ಕಂಡುಕೊಂಡಿದ್ದು 1893ರಲ್ಲಿ. ಸ್ಲೈಡಿಗೆ ನೀಲಿ ಬಣ್ಣ ಕೊಡೋ ಹೆಮಟಾಕ್ಸಿಲಿನ್ ಬರೋದು ಮಧ್ಯ ಅಮೆರಿಕದ ಒಂದು ಮರದಿಂದ. ಹೊಗೆಸೊಪ್ಪು ಬಂದ ಖಂಡದಿಂದಲೇ.

ನಮ್ಮಲ್ಲಿ ಮೊದಲ ದಂತ ಕಾಲೇಜು 1920ರಲ್ಲಿ, ಕಲ್ಕತ್ತದಲ್ಲಿ, ಡಾ. ರಫೀವುದ್ದೀನ್ ಅಹ್ಮದ್ ಶುರು ಮಾಡಿದ್ದು. 1948ರಲ್ಲಿ ದಂತವೈದ್ಯರ ಕಾಯ್ದೆ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರಲ್ಲಿ. ನಾವೆಲ್ಲ ಓದೋ ಶೇಫರ್ಸ್ ಓರಲ್ ಪೆಥಾಲಜಿ ಮೊದಲ ಸಲ ಅಚ್ಚಾಗಿದ್ದೂ ಅದೇ 1958. ಮುಂದೆ ಅದರ ಆವೃತ್ತಿಗಳನ್ನ ಪರಿಷ್ಕರಿಸಿದವರಲ್ಲಿ ದಕ್ಷಿಣ ಭಾರತದ ಇಬ್ಬರು ಪ್ರಾಧ್ಯಾಪಕರೂ ಇದ್ದಾರೆ, ಆರ್. ರಾಜೇಂದ್ರನ್ ಮತ್ತು ಬಿ. ಶಿವಪಾದಸುಂದರಂ.

80, 90ರ ದಶಕದಲ್ಲಿ ಕರ್ನಾಟಕದಲ್ಲಿ ಖಾಸಗಿ ದಂತ ಕಾಲೇಜುಗಳು ಸಾಲುಸಾಲಾಗಿ ಬಂದವು. ಮೈಸೂರಿನ ಜೆಎಸ್‌ಎಸ್ 1986ರದ್ದು. ಕಾಲೇಜು ಬಂದಾಗ ಪಾಠ ಮಾಡೋರು ಬೇಕು, ಆಗ ಓರಲ್ ಪೆಥಾಲಜಿ ಓದಿದವರಿಗೆ ಕೆಲಸ ಸುಲಭವಾಗಿ ಸಿಕ್ತು. ಕಾಲೇಜುಗಳ ಬೆಳವಣಿಗೆ ನಿಂತ ಮೇಲೆ ಹುದ್ದೆಗಳೂ ನಿಂತವು.

ಇನ್ನೊಂದು ಕಾರಣ ನಾವು ಕಲಿಯೋ ರೀತಿ. ಮೊದಲ ವರ್ಷ ಹಲ್ಲು ಕೆತ್ತೋದು, ಮೂರನೇ ವರ್ಷ ಸ್ಲೈಡ್ ಬಿಡಿಸೋದು. ಗುಲಾಬಿ ಪೆನ್ಸಿಲ್, ನೇರಳೆ ಪೆನ್ಸಿಲ್. ಕೆರಾಟಿನ್ ಪರ್ಲ್ ಚೆನ್ನಾಗಿ ಬರೆದ್ರೆ ಸಹಿ. ಆ ಪರ್ಲ್ ಯಾರ ಕೆನ್ನೆಯದ್ದು, ಅವನು ಈಗ ಏನಾದ ಅಂತ ನಾವು ಕೇಳಿದ್ದೇ ಇಲ್ಲ.

8/10

ಇದನ್ನ ಬರೆಯೋಕೆ ಎರಡು ದಿನ ಯೋಚಿಸಿದೆ. ನಮ್ಮ ದೊಡ್ಡಪ್ಪನ್ನ ಕೇಳಿದೆ. "ಬರಿ, ಹೆಸ್ರು ಹಾಕ್ಬೇಡ" ಅಂದ್ರು.

ದೊಡ್ಡಪ್ಪ ಬ್ಯಾರನ್ ಕಾಯೋದ್ರಲ್ಲಿ ಊರಿಗೇ ಜಾಣ. ಮೂವತ್ತು ವರ್ಷ ಎಡಗೆನ್ನೆಯಲ್ಲಿ ಕಡ್ಡಿಪುಡಿ. ನಾನು ಎರಡನೇ ವರ್ಷದಲ್ಲಿದ್ದಾಗ ಕೆಳಗಿನ ದವಡೆ ಹಲ್ಲಿನ ಪಕ್ಕ ಹುಣ್ಣಾಯ್ತು. ಒಂದು ಕ್ಲಿನಿಕ್ಕಿಗೆ ಹೋದ್ರು. ಹಲ್ಲು ಚೂಪಾಗಿದೆ, ತಾಗಿ ಹುಣ್ಣಾಗಿದೆ ಅಂತ ಹಲ್ಲು ಕಿತ್ತು ಮಾತ್ರೆ ಕೊಟ್ರು. ಗಾಯ ಮಾಯಲಿಲ್ಲ. ಮತ್ತೆ ಮಾತ್ರೆ. ಸೊಪ್ಪು ಮುರಿಯೋ ಕಾಲ, ಕೆಲಸ ಬಿಡೋ ಹಾಗಿಲ್ಲ. ನಾಲ್ಕು ತಿಂಗಳು ಹಂಗೇ ಕಳೀತು.

ದಸರಾ ರಜೆಗೆ ನಾನು ಮನೆಗೆ ಹೋದಾಗ ಅವರ ಬಾಯಲ್ಲಿ ಎರಡು ಬೆರಳು ಹೋಗ್ತಿರಲಿಲ್ಲ. ಮಾಮೂಲಿಯಾಗಿ ಮೂರು ಹೋಗ್ಬೇಕು. ನನಗೆ ಏನೂ ಗೊತ್ತಿರಲಿಲ್ಲ, ಭಯ ಮಾತ್ರ ಆಯ್ತು. ಮೈಸೂರಿಗೆ ಕರ್ಕೊಂಡು ಬಂದ್ವಿ. ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳ್ಸಿದ್ರು. ವಾರಕ್ಕೆ ರಿಪೋರ್ಟ್ ಬಂತು, ಅರ್ಧ ಪುಟ. ಸ್ಕ್ವಾಮಸ್ ಸೆಲ್ ಕಾರ್ಸಿನೋಮ. ಕೆಳಗೆ ಒಂದು ಸಹಿ.

ಆ ಸಹಿ ಹಾಕಿದವರನ್ನ ನಮ್ಮ ಮನೆಯವರು ಯಾರೂ ನೋಡಿಲ್ಲ. ಆದ್ರೆ ಸರ್ಜನ್ ಎಷ್ಟು ಕತ್ತರಿಸ್ಬೇಕು, ಆಮೇಲೆ ರೇಡಿಯೇಶನ್ ಬೇಕಾ, ಕತ್ತರಿಸಿದ ಅಂಚು ಕ್ಲೀನಾಗಿದೆಯಾ, ಎಲ್ಲ ಹೇಳಿದ್ದು ಅವರೇ.

ದೊಡ್ಡಪ್ಪ ಬದುಕಿದ್ದಾರೆ. ಎಡ ದವಡೆ ಅರ್ಧ ಇಲ್ಲ. ಮುದ್ದೆನ ಸಾರಲ್ಲಿ ಕಲಸಿ ತೆಳ್ಳಗೆ ಮಾಡ್ಕೊಂಡು ನುಂಗ್ತಾರೆ. ಆ ನಾಲ್ಕು ತಿಂಗಳಲ್ಲಿ ಮೊದಲನೇ ವಾರವೇ ಯಾರಾದ್ರೂ ಒಂದು ಚೂರು ತೆಗೆದು ಕಳ್ಸಿದ್ರೆ? ಎರಡು, ಮೂರು ವಾರದಲ್ಲಿ ಮಾಯದ ಹುಣ್ಣಿಗೆ ಬಯಾಪ್ಸಿ ಮಾಡ್ಬೇಕು ಅನ್ನೋದು ಮೂರನೇ ವರ್ಷದ ಪಾಠ. ಪಾಸ್ ಆದವರೆಲ್ಲ ಓದಿರೋ ಪಾಠ.

9/10

ಹಾಗಂತ ಬೇಡ ಅನ್ನೋ ನನ್ನ ಫ್ರೆಂಡ್ಸ್‌ದು ಸುಳ್ಳು ಕಾರಣ ಅಂತ ನಾನು ಹೇಳಲ್ಲ.

ಸಾಲ ತೀರಿಸ್ಬೇಕು. ಊರಲ್ಲಿ ಕ್ಲಿನಿಕ್ ಬೋರ್ಡಿಗೆ ಇರೋ ಮರ್ಯಾದೆ ಮೈಕ್ರೋಸ್ಕೋಪಿಗೆ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಬಾಯಿಯ ಬಯಾಪ್ಸಿನೂ ಸಾಮಾನ್ಯವಾಗಿ ಎಂಡಿ ಪೆಥಾಲಜಿಯವರೇ ನೋಡ್ತಾರೆ. ಉಳಿಯೋದು ಕಾಲೇಜು ಕೆಲಸ, ಅಲ್ಲಿ ಜಾಗ ಕಡಿಮೆ. ಹೆಣ್ಮಕ್ಕಳಿಗೆ ಒಳ್ಳೇದು, ಪೇಶೆಂಟ್ ಕಾಟ ಇಲ್ಲ ಅಂತ ಹೇಳೋರ ಮಾತು ಬೇರೆ. ಅದು ಹೊಗಳಿಕೆ ಅಲ್ಲ ಅಂತ ಕೇಳಿದವರಿಗೆ ಗೊತ್ತು.

ಇನ್ನೊಂದು ಕಡೆನೂ ನೋಡಿ. ನಮ್ಮ ದೇಶದಲ್ಲಿ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನಕ್ಕೆ ಹೊಸದಾಗಿ ಬಾಯಿ ಕ್ಯಾನ್ಸರ್ ಆಗುತ್ತೆ. 2016-17ರ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸ್ತಾರೆ. ತಿರುವನಂತಪುರದ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ನೋಡಿದ ದೊಡ್ಡ ಅಧ್ಯಯನ 2005ರಲ್ಲಿ ಪ್ರಕಟ ಆಯ್ತು. ತಂಬಾಕು, ಮದ್ಯ ಬಳಸೋರಲ್ಲಿ ಬಾಯಿ ಕ್ಯಾನ್ಸರ್ ಸಾವು ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಬರೀ ಕಣ್ಣಲ್ಲಿ ನೋಡಿ! ಆದ್ರೆ ಕಣ್ಣು ಅನುಮಾನ ಪಡಬಹುದು ಅಷ್ಟೇ. ಬಿಳಿ ಮಚ್ಚೆ ಸುಮ್ಮನೆ ಬಿಡಬಹುದಾ, ತೆಗೀಬೇಕಾ ಅಂತ ಹೇಳೋದು ಸ್ಲೈಡ್ ಓದೋರು.

ಫೊರೆನ್ಸಿಕ್ ಕೆಲಸನೂ ಇದೇ ವಿಭಾಗದ ಪಾಠ. 2012ರ ದೆಹಲಿ ಪ್ರಕರಣದಲ್ಲಿ ಕಚ್ಚಿದ ಗುರುತುಗಳನ್ನ ಆರೋಪಿಗಳ ಹಲ್ಲಿನ ಜೊತೆ ಹೋಲಿಸಿ ವರದಿ ಕೊಟ್ಟಿದ್ದು ನಮ್ಮ ಧಾರವಾಡದ ಎಸ್‌ಡಿಎಂ ದಂತ ಕಾಲೇಜಿನಿಂದ. 2017ರ ಸುಪ್ರೀಂ ಕೋರ್ಟ್ ತೀರ್ಪಲ್ಲಿ ಅದು ದಾಖಲಾಗಿದೆ.

10/10

ಹೋದ ವಾರ ಅಪ್ಪಂಗೆ ಫೋನ್ ಮಾಡಿ ಹೇಳ್ದೆ.

"ಅದ್ನ ಓದುದ್ರೆ ಬೋರ್ಡ್ ಹಾಕ್ಬೋದೇನವ್ವ?" ಅಂದ್ರು.

"ಹಾಕ್ಬೋದು ಕಣಪ್ಪ. ಹಲ್ಲಿನ ಡಾಕ್ಟ್ರೇ ತಾನೇ, ಸಂಜೆ ಹೊತ್ತು ಕ್ಲಿನಿಕ್ ನಡೆಸ್ಬೋದು. ಆದ್ರೆ ಮುಖ್ಯ ಕೆಲಸ ಅದಲ್ಲ."

"ಮತ್ತೇನು?"

"ದೊಡ್ಡಪ್ಪನ ರಿಪೋರ್ಟಿಗೆ ಸೈನ್ ಹಾಕಿದ್ರಲ್ಲ, ಆ ಕೆಲಸ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. ಆಮೇಲೆ, "ಅದು ಬೇಕಾದ್ ಕೆಲ್ಸನೇ" ಅಂದ್ರು. "ದುಡ್ಡು ಬರುತ್ತಾ?" ಅಂತನೂ ಕೇಳಿದ್ರು. ಕಡಿಮೆ ಅಂತ ನಿಜ ಹೇಳ್ದೆ. "ಈ ವರ್ಷ ಸೊಪ್ಪಿಗೆ ರೇಟ್ ಹೆಂಗೆ ಬರುತ್ತೋ ನೋಡುವ" ಅಂದ್ರು. ಇನ್ನೂ ಹೂಂ ಅಂದಿಲ್ಲ, ಬೇಡ ಅಂತನೂ ಅಂದಿಲ್ಲ.

ಬೇರೆ ಬೆಳೆಗೆ ಹೋಗಿ ಅಂತ ಭಾರತ 2004ರಲ್ಲಿ ಒಪ್ಪಿದ ವಿಶ್ವ ತಂಬಾಕು ಒಪ್ಪಂದದಲ್ಲೂ ಇದೆ, ರೈತರಿಗೆ ಬದುಕೋ ದಾರಿ ತೋರಿಸ್ಬೇಕು ಅಂತ. ಹರಾಜಿನ ಹಾಗೆ ಖಚಿತವಾಗಿ ಕೊಳ್ಳೋರು ಇನ್ನೊಂದು ಬೆಳೆಗೆ ಸಿಗೋವರೆಗೆ ನಮ್ಮಪ್ಪ ಸೊಪ್ಪು ಬಿಡಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆ ಸೊಪ್ಪಿನ ದುಡ್ಡಲ್ಲಿ ಓದಿ, ಸೊಪ್ಪು ಬಾಯಿಗೆ ಏನು ಮಾಡುತ್ತೆ ಅಂತ ಹೇಳೋ ಕೆಲಸ ಮಾಡೋದು ನನಗೆ ಸರಿ ಅನ್ಸುತ್ತೆ.

ನೀಟ್ ಎಂಡಿಎಸ್ ಬರೀತೀನಿ. ರ‍್ಯಾಂಕ್ ಚೆನ್ನಾಗಿ ಬಂದ್ರೂ ಮೊದಲ ಆಯ್ಕೆ ಇದೇ. ಖಾಲಿ ಉಳಿಯೋ ಸೀಟುಗಳಲ್ಲಿ ಒಂದು ಕಡಿಮೆ ಆಗ್ಲಿ.

ಆರ್ಥೋ ತಗೊಳ್ಳೋರು ಆರ್ಥೋನೇ ತಗೊಳ್ಳಿ. ನಾನು ಕೇಳೋದು ಇಷ್ಟೇ. ನಾಳೆ ನಿಮ್ಮ ಕುರ್ಚಿಯಲ್ಲಿ ಕೂತವರು ಹಲ್ಲುನೋವು ಅಂತ ಬಂದ್ರೂ ಒಂದು ನಿಮಿಷ ಕೆನ್ನೆ ಒಳಗೆ, ನಾಲಿಗೆ ಪಕ್ಕ, ನಾಲಿಗೆ ಕೆಳಗೆ ನೋಡಿ. ಮೂರು ಬೆರಳು ಹೋಗುತ್ತಾ ನೋಡಿ. ಮಾಯದ ಹುಣ್ಣಿದ್ರೆ ಹಲ್ಲು ಕಿತ್ತು ಕಳಿಸ್ಬೇಡಿ, ಬಯಾಪ್ಸಿಗೆ ಕಳಿಸಿ. ನೀವು ಕಳಿಸಿದ ಆ ಅಕ್ಕಿಕಾಳನ್ನ ಓದೋಕೆ ಈ ಕಡೆ ನಾನಿರ್ತೀನಿ.

ಜೂನಿಯರ್ಸ್, ಸೇವ್ ಮಾಡಿಟ್ಕೊಳ್ಳಿ. ಮನೆಯಲ್ಲಿ ಕಡ್ಡಿಪುಡಿ ಹಾಕೋರಿದ್ರೆ ಇವತ್ತು ರಾತ್ರಿ ಮೊಬೈಲ್ ಟಾರ್ಚ್ ಹಿಡಿದು ಬಾಯಿ ನೋಡಿ. ಬೈತಾರೆ. ಬೈಸ್ಕೊಂಡು ನೋಡಿ.

#ಹುಣಸೂರು #ಪಿರಿಯಾಪಟ್ಟಣ #ಕೆಆರ್‌ನಗರ #ಎಚ್‌ಡಿಕೋಟೆ #ಓರಲ್‌ಪೆಥಾಲಜಿ #ಬಿಡಿಎಸ್‌ದಿನಗಳು